ಹುಲಿಗುಡ್ಡದ ಕೆರೆಯ ಸುತ್ತು

ಗಂಗಾವತಿಯಿಂದ ಆನೆಗೊಂದಿಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಎಡಕ್ಕೆ ಹೊರಳಿದರೆ ಹುಲಿಗುಡ್ಡ ಎಂಬ ಊರು ಸಿಗುತ್ತದೆ. ಊರ ಮುಂದೆ ದೊಡ್ಡ ಕೆರೆ. ಕೆರೆಯ ಆಚೆ ದಂಡೆಗೆ ಕಾಲುವೆಯ ನೀರು ಕುಡಿದು ಬೆಳೆದ ಭತ್ತದ ಗದ್ದೆಗಳು. ಅವುಗಳ ಬೆನ್ನಿಗೆ ಯಾರೋ ಪುರುಸೊತ್ತಿನಲ್ಲಿ ಕೂತು ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳ ಗುಡ್ಡ. ಇಷ್ಟನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ. ಹಾಗೆ ಬಂದವರಿಗೆ ಸೈಕಲ್ ಬಾಡಿಗೆ ಕೊಡುವವಳು ಖುಷ್ಬು.

ಸೈಕಲ್ಲುಗಳು ಅವಳ ತಂದೆ ಹುಸೇನಬಾಷಾನವು. ಗಂಗಾವತಿಯಲ್ಲಿ ಅವನ ಬಾಡಿಗೆ ಸೈಕಲ್ ಅಂಗಡಿ ಒಂದು ಕಾಲಕ್ಕೆ ಭಾರಿ ನಡೆದಿತ್ತು. ಮನೆಮನೆಗೆ ಬೈಕು ಬಂದ ಮೇಲೆ ಸೈಕಲ್ ಕೇಳುವವರಿಲ್ಲದೆ ಅವು ಅಂಗಡಿಯ ಹಿಂದಿನ ಗೋಡೆಗೆ ಒರಗಿಕೊಂಡು ಧೂಳು ತಿನ್ನುತ್ತಿದ್ದವು. ಮದುವೆಯಾಗಿ ಹುಲಿಗುಡ್ಡಕ್ಕೆ ಬಂದ ಖುಷ್ಬು, ಕೆರೆ ನೋಡಲು ಬಂದವರು ಎರಡು ಫೋಟೊ ಹೊಡೆದುಕೊಂಡ ಮೇಲೆ ಮುಂದೇನು ಮಾಡಬೇಕೆಂದು ತಿಳಿಯದೆ ಬಿಸಿಲಿನಲ್ಲಿ ನಿಲ್ಲುವುದನ್ನು ಕಂಡಳು. ಒಂದು ದಿನ ತವರಿಗೆ ಹೋಗಿ, "ಅಬ್ಬಾ, ಆ ಸೈಕಲ್ ನನಗ ಕೊಡ್ರಿ, ನಾ ಓಡಸ್ತೀನಿ" ಅಂದಳು. ಹುಸೇನಬಾಷಾ ಮಗಳ ಮುಖ ನೋಡಿದ. ಆ ಮುಖದಲ್ಲಿ ಅನುಮಾನದ ಗೆರೆ ಕೂಡ ಇರಲಿಲ್ಲ. ಮರುವಾರವೇ ಅಳಿಯ ತೌಸೀಫ ತನ್ನ ಚಿಕ್ಕ ಗೂಡ್ಸ್ ಗಾಡಿಯಲ್ಲಿ ಅಷ್ಟೂ ಸೈಕಲ್ಲುಗಳನ್ನು ಹೇರಿಕೊಂಡು ಬಂದು ಕೆರೆಯ ಪಕ್ಕದ ಬೇವಿನ ಮರದ ಕೆಳಗೆ ಇಳಿಸಿದ. ಅಲ್ಲೊಂದು ತಗಡಿನ ಶೆಡ್ಡು ಎದ್ದಿತು.

ವ್ಯಾಪಾರ ಕೈಹತ್ತಿತು. ಆದರೆ ಖುಷ್ಬುವಿಗೆ ಒಂದು ಅಸಮಾಧಾನ ಇದ್ದೇ ಇತ್ತು. ಜನ ಸೈಕಲ್ ತೆಗೆದುಕೊಂಡು ಕೆರೆಯ ಏರಿಯ ತನಕ ಹೋಗುತ್ತಿದ್ದರು, ಸೈಕಲ್ಲಿನ ಮೇಲೆ ಕೂತು ಫೋಟೊ ತೆಗೆಸಿಕೊಂಡು ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದರು. ಬೆವರೂ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಚಳಿಗಾಲದ ಮಧ್ಯಾಹ್ನ ಸ್ವೀಡನ್ ದೇಶದ ಒಬ್ಬ ಹೆಂಗಸು ಸೈಕಲ್ ನೂಕಿಕೊಂಡು ಶೆಡ್ಡಿಗೆ ಬಂದಳು. ಹೆಸರು ಗುನಿಲ್ಲಾ, ವಯಸ್ಸು ಅರವತ್ತು ದಾಟಿತ್ತು. ಬಿಸಿಲಿಗೆ ಕೆಂಪಾದ ಮುಖ, ಸೈಕಲ್ಲಿನ ಎರಡೂ ಬದಿಗೆ ತೂಗುಬಿಟ್ಟ ಚೀಲಗಳು. ಗೋವೆಯಿಂದ ಒಬ್ಬಳೇ ತುಳಿದುಕೊಂಡು ಬಂದಿದ್ದಳಂತೆ. ಹಿಂದಿನ ಗಾಲಿಯ ಸ್ಪೋಕುಗಳು ಮುರಿದು ರಿಮ್ಮು ಸೊಟ್ಟಗಾಗಿತ್ತು. ಖುಷ್ಬು ತಂದೆಗೆ ಫೋನು ಮಾಡಿದಳು. ಹುಸೇನಬಾಷಾ ಬಂದು ಗಾಲಿ ನೋಡಿ, ಇಂಥ ಸ್ಪೋಕು ಇಲ್ಲಿ ಸಿಗುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು ಅಂದ. ಅಲ್ಲಿಯ ತನಕ ಗುನಿಲ್ಲಾ ಖುಷ್ಬುವಿನ ಮನೆಯಲ್ಲೇ ಉಳಿದಳು.

ಪ್ರವಾಸಿಗರ ಜೊತೆ ಮಾತಾಡಿ ಮಾತಾಡಿ ಖುಷ್ಬುವಿಗೆ ಇಂಗ್ಲಿಷು ರೂಢಿಯಾಗಿತ್ತು. ಸಂಜೆ ರೊಟ್ಟಿ ಬಡಿಯುತ್ತ ಅವಳು ಕೇಳುತ್ತಿದ್ದಳು, ಒಲೆಯ ಮುಂದೆ ಕಾಲು ಚಾಚಿ ಕೂತು ಗುನಿಲ್ಲಾ ಹೇಳುತ್ತಿದ್ದಳು. ಅವಳ ಹಳ್ಳಿಯಲ್ಲೂ ಒಂದು ಕೆರೆ ಇದೆ. ಕೆರೆಯೆಂದರೆ ಆಚೆ ದಡ ಕಾಣದಷ್ಟು ದೊಡ್ಡದು. ಅದರ ಸುತ್ತ ಸೈಕಲ್ಲಿಗೆಂದೇ ದಾರಿ ಗೊತ್ತುಮಾಡಿದ್ದಾರೆ. ಕೆಲವು ಕಡೆ ಡಾಂಬರು, ಹೆಚ್ಚಿನ ಕಡೆ ಗರಸು, ಕೆಲವು ಕಡೆ ಯಾರದೋ ಹೊಲದ ಅಂಚು. ಕೂಡುದಾರಿಗಳಲ್ಲಿ ಸೈಕಲ್ಲಿನ ಚಿತ್ರ ಇರುವ ಸಣ್ಣ ಹಲಗೆ. ಬೇಸಿಗೆಯಲ್ಲಿ ರಾತ್ರಿ ಊಟದ ಹೊತ್ತಿಗೂ ಅಲ್ಲಿ ಬಿಸಿಲು ಇರುತ್ತದೆ. ಜನ ಬೆಳಿಗ್ಗೆ ಹೊರಟು, ದಾರಿಯಲ್ಲಿ ರೈತರ ಮನೆಯಲ್ಲಿ ಕಾಫಿ ಕುಡಿದು, ನೀರಿಗೆ ಬಿದ್ದು ಈಜಿ, ಇನ್ನೊಬ್ಬ ರೈತನ ಕೆಂಪು ಬಣ್ಣದ ಕಟ್ಟಿಗೆ ಮನೆಯಲ್ಲಿ ಮಲಗಿ, ಮರುದಿನ ಸುತ್ತು ಮುಗಿಸುತ್ತಾರೆ. ಗುನಿಲ್ಲಾಳ ಮನೆಯವರು ದನ ಕಟ್ಟಿದವರು. ಅವಳ ತಾಯಿ ದಾರಿಹೋಕರಿಗೆ ದಾಲ್ಚಿನ್ನಿ ಹಾಕಿದ ಬನ್ನು ಸುಟ್ಟು ಕೊಡುತ್ತಿದ್ದಳಂತೆ.

"ನಿಮ್ಮ ಕೆರೆಗೆ ಸುತ್ತು ಎಷ್ಟು ದೂರ?" ಎಂದು ಗುನಿಲ್ಲಾ ಕೇಳಿದಳು.

ರೊಟ್ಟಿ ಬಡಿಯುತ್ತಿದ್ದ ಖುಷ್ಬುವಿನ ಕೈ ನಿಂತಿತು. ಇಷ್ಟು ವರ್ಷ ಈ ನೀರಿನ ಪಕ್ಕದಲ್ಲಿ ಸಂಸಾರ ಮಾಡಿದ್ದಳು, ಆಚೆ ದಂಡೆಗೆ ಒಮ್ಮೆಯೂ ಹೋಗಿರಲಿಲ್ಲ. "ಗೊತ್ತಿಲ್ಲ" ಅಂದಳು. ಆಮೇಲೆ, "ನಾಳೆ ನೋಡಿಕೊಂಡು ಬರೋಣ" ಅಂದಳು.

ಮರುದಿನ ಇಬ್ಬರೂ ಬಾಡಿಗೆ ಸೈಕಲ್ ಹತ್ತಿ ಏರಿಯ ಕಡೆಯಿಂದ ಹೊರಟರು. ಏರಿ ದಾಟಿದ ಮೇಲೆ ಹುಣಸೆ ಮರಗಳ ತೋಪು, ಅದರಾಚೆ ಕೆರೆಗೆ ಅಂಟಿಕೊಂಡೇ ಹೋಗುವ ಬಂಡಿ ದಾರಿ. ಒಂದು ಕಡೆ ನೀರು, ಒಂದು ಕಡೆ ಬಂಡೆ. ನೀರಿನ ಮೇಲಿಂದ ಬರುವ ಗಾಳಿ ತಣ್ಣಗೆ ಮುಖಕ್ಕೆ ಹೊಡೆಯುತ್ತಿತ್ತು. ಒಂದು ತಿರುವಿನಲ್ಲಿ ನಿಂತು ಹಿಂದೆ ತಿರುಗಿ ನೋಡಿದಾಗ ಖುಷ್ಬುವಿಗೆ ನೀರಿನಾಚೆ ತನ್ನ ಬೇವಿನ ಮರ, ಬೆಳ್ಳಗೆ ಹೊಳೆಯುವ ತಗಡಿನ ಶೆಡ್ಡು, ಅಂಗಳದಲ್ಲಿ ಒಣಹಾಕಿದ ತನ್ನದೇ ಹಳದಿ ದುಪಟ್ಟಾ ಕಂಡವು. ಈ ದಾರಿಯನ್ನು ಜನರಿಗೆ ತೋರಿಸಬೇಕು ಎಂದು ಅವಳು ಅಲ್ಲೇ ನಿಂತು ನಿರ್ಧರಿಸಿಬಿಟ್ಟಳು.

ಆದರೆ ಸ್ವಲ್ಪ ಮುಂದೆ ದಾರಿ ಜಾಲಿಮುಳ್ಳಿನ ಬೇಲಿಗೆ ಬಂದು ನಿಂತಿತು. ಬೇಲಿಯ ಆಚೆ ಗದ್ದೆ, ಗದ್ದೆಯ ನಡುವೆ ಅಗಲವಾದ ಒಂದು ಬದು ನೇರವಾಗಿ ಪಡುವಣಕ್ಕೆ, ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪಿನ ಕಡೆಗೆ ಹೋಗಿತ್ತು. ಬದುವಿನ ಮೇಲೆ ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟ, ಎತ್ತರದ ಒಬ್ಬ ಹೆಂಗಸು ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದಳು. ಅವಳೇ ಶೇಖರಮ್ಮ. ಗಂಡ ಇಲ್ಲದ, ಮಕ್ಕಳಿಲ್ಲದ, ಈ ದಂಡೆಯ ಗದ್ದೆಗಳನ್ನೆಲ್ಲ ಒಬ್ಬಳೇ ನಿಂತು ಮಾಡಿಸುವ ಶೇಖರಮ್ಮನ ಹೆಸರು ಊರಲ್ಲಿ ಎಲ್ಲರಿಗೂ ಗೊತ್ತಿತ್ತು.

"ಎಲ್ಲಿಗೆ ಹೊಂಟೀರಿ?"

"ಕೆರಿ ಸುತ್ತ ಹಾಕೋಣಂತ ಬಂದೀವ್ರಿ ಅಮ್ಮಾರ. ಈ ಬದು ಆಚೆ ಕ್ಯಾಂಪಿನ ದಾರಿಗೆ ಕೂಡತೈತೇನ್ರಿ?"

"ಕೂಡತೈತಿ. ಆದ್ರ ನಿಮಗಲ್ಲ, ನನಗ ಕೂಡತೈತಿ. ಬಂದ ದಾರೀಲೆ ಹೊಳ್ಳಿ ಹೋಗ್ರಿ."

ಗದರಿದಂತಿರಲಿಲ್ಲ, ಸುಮ್ಮನೆ ಹೇಳಿದಂತಿತ್ತು. ಹೇಳಿದವಳೇ ಬಗ್ಗಿ ಬದುವಿನ ತೂತಿಗೆ ಮಣ್ಣು ಮೆತ್ತತೊಡಗಿದಳು. ಇಬ್ಬರೂ ವಾಪಸು ಬಂದರು. ಹುಬ್ಬಳ್ಳಿಯಿಂದ ಸ್ಪೋಕು ಬಂತು, ಹುಸೇನಬಾಷಾ ಗಾಲಿಯ ಬೆಂಡು ತೆಗೆದು ಗಿರ್ರನೆ ತಿರುಗಿಸಿ ತೋರಿಸಿದ, ಗುನಿಲ್ಲಾ ಅವನ ಎರಡೂ ಕೈ ಹಿಡಿದು ಕುಲುಕಿ ಹಂಪಿಯ ಕಡೆ ಹೊರಟುಹೋದಳು.

ಅವಳು ಹೋದಳು, ಅವಳು ಕೇಳಿದ ಮಾತು ಉಳಿಯಿತು. "ನಾ ಒಂದು ಸುತ್ತಿನ ದಾರಿ ಮಾಡ್ತೀನಿ. ಜನ ಅರ್ಧ ದಿನ ಸೈಕಲ್ ತುಳಿಯೂ ಅಂಥ ದಾರಿ" ಎಂದು ಖುಷ್ಬು ಗಂಡನಿಗೆ ಹೇಳಿದಳು.

ತೌಸೀಫ ನಕ್ಕ. "ಬಿಸಲಾಗ ಅರ್ಧ ದಿನ ಯಾರು ತುಳೀತಾರ ಖುಷ್ಬು? ಅದೂ ಶೇಖರಮ್ಮಾರು ಬಿಡಬೇಕಲ್ಲ."

"ತುಳಿಯೋರು ಬರ್ತಾರ. ಶೇಖರಮ್ಮಾರ್ನ ಕೇಳಿ ಬರ್ತೀನಿ. ಕೇಳಿದ್ರ ಏನು ನಾಲಿಗಿ ಸವಿತೈತೇನು?"

ಶೇಖರಮ್ಮನ ಮನೆ ಗದ್ದೆಯ ತಲೆಗೇ ಇತ್ತು. ಖುಷ್ಬು ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಬೀಜದ ಭತ್ತ ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಕೂಡಲು ಹೇಳಿದಳು, ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಮೊರ ಬದಿಗಿಟ್ಟು ಮಾತಾಡಿದಳು.

"ನೀ ಛಲೋ ಮನಸಿನಿಂದ ಕೇಳಾಕತ್ತಿ, ಅದು ಗೊತ್ತಾಗತೈತಿ. ಆದ್ರ ಹಿಂದ ಒಬ್ಬಾಂವ ಬಂದಿದ್ದ. ಗುಡ್ಡದ ಬುಡಕ ರೆಸಾರ್ಟ್ ಮಾಡ್ತೀನಿ, ಜನ ನಡಕೊಂಡು ಹೋಗಾಕಷ್ಟ ಕಾಲ್ದಾರಿ ಬಿಡ್ರಿ ಅಂದ. ನಮ್ಮ ಮನಿಯಾರು ಹೂಂ ಅಂದ್ರು. ಕಾಲ್ದಾರಿಗೆ ಜೀಪು ಬಂತು. ಜೀಪಿಗೆ ಅಡ್ಡ ಆಗತೈತಂತ ನಮ್ಮ ಬದು ಕಡದ್ರು. ಮುಂದ ಅದು ನಮ್ಮ ದಾರಿ ಅಂತ ಕೋರ್ಟಿಗೇ ಹೋದ್ರು. ನಮ್ಮ ಮನಿಯಾರು ಗಂಗಾವತಿಗೆ ಅಡ್ಡಾಡಿ ಅಡ್ಡಾಡಿ ಹೋಗಿಬಿಟ್ರು. ಆಮ್ಯಾಲ ನಾ ಅಡ್ಡಾಡಿ ಗೆದ್ದೆ. ಈಗ ಹೇಳು, ನೀ ನನ್ನ ಜಾಗಾದಾಗ ಇದ್ರ ದಾರಿ ಕೊಡ್ತಿದ್ದಿ?"

ಖುಷ್ಬು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ರಿ ಅಮ್ಮಾರ. ನಾನೂ ಕೊಡ್ತಿರಲಿಲ್ಲ."

ಶೇಖರಮ್ಮ ಎದ್ದು ಒಳಗೆ ಹೋದಳು. ಹೊರಟು ನಿಂತವಳ ಕೈಗೆ ಒಂದು ಚೀಲ ನುಗ್ಗೆಕಾಯಿ ಕೊಟ್ಟು ಕಳಿಸಿದಳು.

ದಾರಿ ಸಿಗಲಿಲ್ಲವೆಂದು ಖುಷ್ಬು ಕೈಚೆಲ್ಲಲಿಲ್ಲ. ಗದ್ದೆಯ ಬೆನ್ನಿಗೆ ಗುಡ್ಡದಲ್ಲಿ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಸಂದು ಇತ್ತು. ಕುರಿ ಕಾಯುವವರು ಅಲ್ಲಿಂದ ಆಚೆಗೆ ದಾಟುತ್ತಿದ್ದರು. ಅವಳು ಒಮ್ಮೆ ಹತ್ತಿ ಇಳಿದು ನೋಡಿದಳು. ಸ್ವಲ್ಪ ದೂರ ಸೈಕಲ್ ಎತ್ತಿಕೊಂಡು ಹೋದರೆ ಆಯಿತು, ಮುಂದೆ ಇಳಿಜಾರು, ಆಚೆ ಕ್ಯಾಂಪಿನ ರಸ್ತೆ. ಅಷ್ಟೇ ಅಲ್ಲವೇ ಅಂದುಕೊಂಡಳು. ಫೋನಿನಲ್ಲಿ ಕೆರೆಯ ನಾಲ್ಕು ಚಿತ್ರ ಹಾಕಿ, ಹುಲಿಗುಡ್ಡದ ಕೆರೆಯ ಸುತ್ತ ಸೈಕಲ್ ಪಯಣ, ಬರುವವರು ಬನ್ನಿ ಎಂದು ಬರೆದಳು.

ಬಂದೇ ಬಿಟ್ಟರು. ಕುಷ್ಟಗಿಯ ಕಾಲೇಜಿನಲ್ಲಿ ಪಾಠ ಹೇಳುವ ಅಮೃತಾ ಮತ್ತು ಅವಳ ನಾಲ್ವರು ಗೆಳತಿಯರು. ಅಮೃತಾ ಪ್ರತಿದಿನ ಬೆಳಿಗ್ಗೆ ಯಲಬುರ್ಗಾ ರಸ್ತೆಯಲ್ಲಿ ಸೈಕಲ್ ತುಳಿಯುವವಳು, ಗಟ್ಟಿ ಹೆಣ್ಣು. ಏರಿಯ ಮೇಲೆ, ಹುಣಸೆ ತೋಪಿನಲ್ಲಿ, ನೀರಿನ ಅಂಚಿನ ದಾರಿಯಲ್ಲಿ ಐವರೂ ಹಾಡಿಕೊಂಡೇ ಬಂದರು. ಸಂದಿನ ಬುಡಕ್ಕೆ ಬಂದಾಗ ಹಾಡು ನಿಂತಿತು. ಸೈಕಲ್ಲುಗಳು ಭಾರ, ಬಂಡೆ ಕಾದಿತ್ತು, ಕಾಲಿಡುವಲ್ಲೆಲ್ಲ ಸಡಿಲ ಕಲ್ಲು. ಒಬ್ಬಳ ಸೈಕಲ್ ಜಾರಿ ಹ್ಯಾಂಡಲ್ ತಿರುಚಿಕೊಂಡಿತು. ಇನ್ನೊಬ್ಬಳ ಮೊಣಕಾಲು ತರಚಿತು. ಸಂದಿನ ನೆತ್ತಿ ಮುಟ್ಟುವ ಹೊತ್ತಿಗೆ ಎಲ್ಲರ ನೀರೂ ಮುಗಿದಿತ್ತು. ಆಚೆಯ ಇಳಿಜಾರು ಇನ್ನೂ ಕಡಿದಾಗಿ ಕಂಡಿತು. ಖುಷ್ಬು ಕೆಳಗೆ ನೋಡಿದಳು, ಗೆಳತಿಯರ ಮುಖ ನೋಡಿದಳು. "ಸಾಕ್ರಿ, ಹೊಳ್ಳಿ ಹೋಗೋಣು. ನೀವು ಬರಿಗೈಲೆ ಇಳೀರಿ, ಸೈಕಲ್ ನಾ ಇಳಸ್ತೀನಿ" ಅಂದಳು.

ಒಂದೊಂದೇ ಸೈಕಲ್ ಹೆಗಲಿಗೇರಿಸಿ ಇಳಿಸಿದಳು. ಮತ್ತೆ ಹತ್ತಿದಳು, ಮತ್ತೊಂದು ಇಳಿಸಿದಳು. ಅಮೃತಾ ಒಂದಕ್ಕೆ ಕೈ ಹಚ್ಚಿದಳು, ಉಳಿದವರಿಗೆ ತ್ರಾಣವಿರಲಿಲ್ಲ. ಶೆಡ್ಡಿಗೆ ಬಂದ ಮೇಲೆ ಖುಷ್ಬು ಎಲ್ಲರಿಗೂ ಶರಬತ್ತು ಮಾಡಿ ಕೊಟ್ಟಳು, ಬಾಡಿಗೆ ತೆಗೆದುಕೊಳ್ಳಲಿಲ್ಲ.

ಅಮೃತಾ ನೇರ ಮಾತಿನವಳು. "ಸಿಟ್ಟಾಗಬ್ಯಾಡ್ರಿ ಖುಷ್ಬು. ಕೆರಿ ಚಂದ, ದಾರಿ ಚಂದ. ಆದ್ರ ಇದು ಸೈಕಲ್ ತುಳಿಯೂ ದಾರಿ ಅಲ್ಲ, ಸೈಕಲ್ ಹೊರೂ ದಾರಿ."

"ಖರೇ ಅದ್ರಿ. ಹೊರೂದು ಬ್ಯಾಡ, ತುಳಿಯೂದ ಆಗೂ ಹಂಗ ಮಾಡಿ ಮತ್ತ ನಿಮ್ಮನ್ನ ಕರೀತೀನಿ. ಬರ್ರಿ."

ಹೇಗೆ ಮಾಡುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಮಾಡುತ್ತೇನೆ ಅನ್ನುವುದರಲ್ಲಿ ಸಂಶಯವೂ ಇರಲಿಲ್ಲ.

ಎರಡು ದಿನ ಬಿಟ್ಟು, ಹೊತ್ತು ಏರುವ ಮುಂಚೆ, ಶೆಡ್ಡಿನ ಮುಂದೆ ಒಂದು ಬೈಕು ಬಂದು ನಿಂತಿತು. ನಡೆಸುತ್ತಿದ್ದವನು ಪ್ರಭುರಾಜ, ಶೇಖರಮ್ಮನ ಮೈದುನನ ಮಗ. ಕ್ಯಾಂಪಿನ ಬದಿಗೆ ಬಾಳೆತೋಟ ಮಾಡಿದ್ದ. ಹಿಂದೆ ಕೂತಿದ್ದವಳು ಶೇಖರಮ್ಮ. ಅವಳು ಇಳಿದು ಸೀರೆ ಸರಿಮಾಡಿಕೊಂಡು, "ನೀ ಹೋಗಪ್ಪ, ನನಗ ಇಲ್ಲಿ ಕೆಲಸ ಐತಿ" ಎಂದು ಅವನನ್ನು ಕಳಿಸಿ ಖುಷ್ಬುವಿನ ಕಡೆ ತಿರುಗಿದಳು.

"ಮೊನ್ನೆ ಗುಡ್ಡದ ಮ್ಯಾಲಿಂದ ಸೈಕಲ್ ಹೆಗಲ ಮ್ಯಾಲ ಹೊತ್ತು ಇಳಿಸಿದಾಕಿ ನೀನೇನು?"

"ಹೌದ್ರಿ, ನಾನ."

"ಗದ್ಯಾಗ ನಿಂತು ನೋಡಿದೆ. ಒಂದು ಇಳಿಸಿ ಮತ್ತ ಹತ್ತತಿದ್ದಿ. ಕುಂತು ಅಳ್ತಾಳೇನೋ ಅಂತ ನೋಡಿದೆ, ಅಳಲಿಲ್ಲ."

"ಅಳಾಕ ಪುರುಸೊತ್ತ ಇರಲಿಲ್ರಿ ಅಮ್ಮಾರ."

ಶೇಖರಮ್ಮ ಸಾಲಾಗಿ ನಿಂತ ಸೈಕಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ಒಂದರ ಗಂಟೆ ಬಾರಿಸಿದಳು. ಆಮೇಲೆ ಬೆನ್ನು ತಿರುಗಿಸಿಯೇ ಹೇಳಿದಳು:

"ನನಗ ಇದನ್ನ ಕಲಸ್ತಿ ಏನು?"

ಖುಷ್ಬು ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಎರಡು ಹೆಜ್ಜೆ ಹತ್ತಿರ ಬಂದಳು.

"ಕಾಲುವಿ ಕಡೆ ನನ್ನದೊಂದು ಹೊಲ ಐತಿ" ಎಂದು ಶೇಖರಮ್ಮ ಮುಂದುವರಿಸಿದಳು. "ಏರಿ ಮ್ಯಾಲ ಹಾದು, ನಿನ್ನ ಶೆಡ್ ದಾಟಿ ಹೋಗಬೇಕು. ನಡದು ಹೋಗಿ ಬಂದ್ರ ದಿನ ಹೋಗತೈತಿ. ಅದಕ ಈ ಹುಡುಗನ ಬೈಕ್ ಹತ್ತಬೇಕು. ಅವ ಒಂದಿನ ಬರ್ತಾನ, ಒಂದಿನ ಬರೂದಿಲ್ಲ. ಬಂದ್ರೂ, ದೊಡ್ಡವ್ವ ಲಗೂ ನಡೀ, ಲಗೂ ನಡೀ ಅಂತಾನ. ನನ್ನ ಹೊಲ ನಾ ನೋಡಾಕ ಇವನ ಪುರುಸೊತ್ತು ಕಾಯಬೇಕೇನು?"

"ಕಲಸ್ತೀನ್ರಿ. ನಾಳೆಯಿಂದನ ಶುರು ಮಾಡೂಣು."

ದಾರಿಯ ಮಾತನ್ನು ಶೇಖರಮ್ಮ ಎತ್ತಲಿಲ್ಲ. ಖುಷ್ಬುವೂ ಎತ್ತಲಿಲ್ಲ. ಸಂಜೆ ತೌಸೀಫ, "ಈಗ ಕೇಳಬೇಕಿತ್ತು ನೀ, ಕಲಸ್ತೀನಿ ದಾರಿ ಬಿಡ್ರಿ ಅಂತ" ಎಂದಾಗ ಖುಷ್ಬುವಿಗೆ ಸಿಟ್ಟು ಬಂತು. "ಆಕಿ ಸೈಕಲ್ ಕೇಳ್ಯಾಳ, ವ್ಯಾಪಾರ ಕೇಳಿಲ್ಲ. ಕಲಿಯಾಕ ಬಂದಾಕಿ ಕೈಯಾಗಿಂದ ಏನರ ಕಸಗೊಂಡ್ರ ನಾನೂ ಆ ರೆಸಾರ್ಟಿನಾಂವನೂ ಒಂದ" ಅಂದಳು.

ಕಲಿಕೆ ನಡೆದದ್ದು ಶೇಖರಮ್ಮನ ಮನೆಯ ಮುಂದಿನ ಕಣದಲ್ಲಿ. ಹುಸೇನಬಾಷಾ ಗಂಗಾವತಿಯಿಂದ ಬಂದು ಒಂದು ಲೇಡಿಸ್ ಸೈಕಲ್ಲಿನ ಸೀಟು ತಗ್ಗಿಸಿ, ಸೀರೆ ಸಿಕ್ಕದ ಹಾಗೆ ಚೈನಿಗೆ ತಗಡು ಹೊದಿಸಿ, ಹಿಂದಿನ ಗಾಲಿಗೆ ಜಾಳಿಗೆ ಕಟ್ಟಿಕೊಟ್ಟ. ಶೇಖರಮ್ಮ ಎತ್ತರದ ಹೆಂಗಸು, ಕಾಲು ನೆಲಕ್ಕೆ ಸಲೀಸಾಗಿ ಎಟಕುತ್ತಿತ್ತು. ತೊಂದರೆ ಇದ್ದದ್ದು ಕಾಲಲ್ಲಲ್ಲ, ಕಣ್ಣಲ್ಲಿ. ಅವಳು ಮುಂದಿನ ಗಾಲಿಯನ್ನೇ ನೋಡುತ್ತಿದ್ದಳು.

"ಗಾಲಿ ನೋಡಬ್ಯಾಡ್ರಿ ಅಮ್ಮಾರ, ದೂರ ನೋಡ್ರಿ. ಎಲ್ಲಿ ನೋಡ್ತೀರಿ ಅಲ್ಲಿಗೆ ಹೋಗತೈತಿ."

"ದೂರ ನೋಡಿದ್ರ ಇದು ಎಲ್ಲಿ ಹೊಂಟೈತಿ ಗೊತ್ತಾಗಬೇಕಲ್ಲ!"

ಮೊದಲು ಬಿದ್ದದ್ದು ಹುಲ್ಲಿನ ಬಣವೆಯ ಮೇಲೆ. ಆಮೇಲೆ ಬಿದ್ದದ್ದು ನೀರು ಕಟ್ಟಿದ ಗದ್ದೆಗೆ. ಸೈಕಲ್ ಸಮೇತ ಕೆಸರಿನಲ್ಲಿ ಕೂತ ಶೇಖರಮ್ಮನನ್ನು ಕಂಡು ಕಳೆ ತೆಗೆಯುತ್ತಿದ್ದ ಕ್ಯಾಂಪಿನ ಹೆಣ್ಣುಮಕ್ಕಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾಲಕಿ ಬೈಯುತ್ತಾಳೆಂದು ಅವರಿಗೆ ಹೆದರಿಕೆ. ಶೇಖರಮ್ಮ ಮುಖದ ಕೆಸರು ಒರೆಸಿಕೊಂಡು ತಾನೇ ಮೊದಲು ನಕ್ಕಳು. ಆಮೇಲೆ ಗದ್ದೆಗೆ ಗದ್ದೆಯೇ ನಕ್ಕಿತು. ಖುಷ್ಬು ಕೈ ಕೊಟ್ಟು ಎಬ್ಬಿಸಲು ಹೋಗಿ ತಾನೂ ಜಾರಿ ಅವಳ ಪಕ್ಕದಲ್ಲೇ ಕೂತಳು.

ಅಮಾವಾಸ್ಯೆ ಕಳೆದು ಹುಣ್ಣಿಮೆ ಬರುವಷ್ಟರಲ್ಲಿ ಶೇಖರಮ್ಮ ಕಣದಲ್ಲಿ ಸುತ್ತು ಹೊಡೆಯತೊಡಗಿದಳು. ಮುಂದೆ ಬಂಡಿ ದಾರಿ, ಮುಂದೆ ಏರಿ. ಏರಿಯ ಮೇಲೆ ಮೊದಲ ಸಲ ಒಬ್ಬಳೇ ಹೊರಟ ದಿನ ಪ್ರಭುರಾಜ ಎದುರಿಗೆ ಬಂದ. ಬೈಕು ನಿಲ್ಲಿಸಿ, "ದೊಡ್ಡವ್ವ, ಇದೇನಿದು? ಈ ವಯಸ್ಸಿನಾಗ? ಊರು ನಗತೈತಿ" ಅಂದ.

"ನಗಲಿ ಬಿಡೋ. ನಗೂದು ಮೈಗೆ ಛಲೋ" ಎಂದು ಗಂಟೆ ಬಾರಿಸಿ ಅವನ ಬದಿಯಿಂದ ಹಾದುಹೋದಳು. ಹಿಂದೆ ಸ್ವಲ್ಪ ದೂರದಲ್ಲಿ ಬರುತ್ತಿದ್ದ ಖುಷ್ಬುವಿಗೆ ಅವನ ಮುಖ ಚೆನ್ನಾಗಿ ಕಂಡಿತು. ಸಿಟ್ಟಿಗಿಂತ ಅದರಲ್ಲಿ ಗಾಬರಿ ಹೆಚ್ಚಿತ್ತು. ದೊಡ್ಡವ್ವ ಇನ್ನು ತನ್ನನ್ನು ಕರೆಯುವುದಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದಿರಬೇಕು.

ಅಲ್ಲಿಂದ ಮುಂದೆ ಶೇಖರಮ್ಮ ದಿನವೂ ಬೆಳಿಗ್ಗೆ ಏರಿಯ ಕಡೆಯಿಂದ ಬಂದು, ಶೆಡ್ಡಿನ ಮುಂದೆ ಗಂಟೆ ಬಾರಿಸಿ, ಕಾಲುವೆ ಕಡೆಯ ಹೊಲಕ್ಕೆ ಹೋಗುವಳು. ಬಿಸಿಲೇರಿದ ಮೇಲೆ ಅದೇ ದಾರಿಯಲ್ಲಿ ವಾಪಸು ಬಂದು, ಖುಷ್ಬುವಿನ ಹತ್ತಿರ ಚಹ ಕುಡಿದು, ಏರಿಯ ಕಡೆ ಹೊರಡುವಳು.

ಒಂದು ದಿನ ಹಾಗೆ ಹೋದವಳು ಹೊತ್ತಾದರೂ ವಾಪಸು ಬರಲಿಲ್ಲ. ಚಹ ಕುದಿದು ಆರಿತು. ಖುಷ್ಬು ಹೊರಗೆ ಬಂದು ಕಾಲುವೆಯ ದಾರಿ ನೋಡಿದಳು, ಯಾರೂ ಇಲ್ಲ. ಎಲ್ಲಿ ಬಿದ್ದಳೋ ಏನೋ ಅಂದುಕೊಂಡಳು. ಒಂದು ಸೈಕಲ್ ಎಳೆದುಕೊಂಡು ಹುಡುಕಲು ಹೊರಡಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ಗಂಟೆಯ ಸದ್ದಾಯಿತು. ತಿರುಗಿ ನೋಡಿದರೆ ಏರಿಯ ಕಡೆಯಿಂದ ಶೇಖರಮ್ಮ ಬರುತ್ತಿದ್ದಾಳೆ! ಸೆರಗು ಗಾಳಿಗೆ ಹಾರುತ್ತಿತ್ತು, ಮುಖ ಬೆವರಿನಿಂದ ಹೊಳೆಯುತ್ತಿತ್ತು, ಸೀರೆಯ ಅಂಚಿಗೆ ಮುಳ್ಳು ಅಂಟಿತ್ತು.

"ಅಮ್ಮಾರ, ನೀವು ಆ ಕಡೆ ಹೋದವ್ರು ಈ ಕಡೆಯಿಂದ ಹೆಂಗ ಬಂದ್ರಿ?"

ಶೇಖರಮ್ಮ ಕಾಲೂರಿ ಸೈಕಲ್ ನಿಲ್ಲಿಸಿದಳು. ಏದುಸಿರಿನಲ್ಲೇ ನಕ್ಕಳು. "ಹೊಲ ನೋಡಿದೆ. ಹೊಳ್ಳಿ ಬಂದ ದಾರೀಲೆ ಯಾಕ ಹೋಗಬೇಕು ಅನ್ನಿಸಿತು. ಕ್ಯಾಂಪಿನ ದಾರಿ ಹಿಡದೆ. ನಮ್ಮ ಹುಡುಗನ ಬಾಳಿತೋಟದ ಬಾಜೂಕ ಬಂಡಿ ದಾರಿ ಐತಿ, ಅಲ್ಲಿ ಹಾದೆ. ಆ ತುದಿಗೆ ನನ್ನದ ಬೇಲಿ, ನಾನ ಕಿತ್ತೆ. ನನ್ನದ ಬದು, ಅದರ ಮ್ಯಾಲ ಬಂದೆ. ಈ ತುದೀಲೂ ಬೇಲಿ ಕಿತ್ತು ಹೊರಗ ಬಂದೆ. ಮನಿ ಮುಂದ ನಿಲ್ಲಲಿಲ್ಲ, ನಿನ್ನ ಹಂತ್ಯಾಕ ಚಹ ಕುಡೀಬೇಕಂತ ಸೀದಾ ಇಲ್ಲಿಗೆ ಬಂದೆ."

ಖುಷ್ಬುವಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಾನು ಕನಸು ಕಂಡ ಸುತ್ತನ್ನು ಮೊದಲು ಮುಗಿಸಿದವಳು ತಾನಲ್ಲ, ಮೊನ್ನೆ ಮೊನ್ನೆ ಸೈಕಲ್ ಹತ್ತಿದ ಶೇಖರಮ್ಮ! ಹೊಟ್ಟೆಕಿಚ್ಚಾಗಲಿಲ್ಲ. ಕೂಗಿ ಹೇಳಬೇಕು ಅನ್ನಿಸುವಷ್ಟು ಹಿಗ್ಗಾಯಿತು.

"ಅಮ್ಮಾರ, ನೀವು ಕೆರಿ ಪೂರ್ತಾ ಸುತ್ತಿದ್ರಿ!"

"ಹೌದಲ್ಲ" ಅಂದಳು ಶೇಖರಮ್ಮ, ಅದು ತನಗೂ ಈಗಲೇ ತಿಳಿದಂತೆ. ತಿರುಗಿ ನೀರಿನಾಚೆ ತನ್ನ ಗದ್ದೆಗಳನ್ನು ನೋಡಿದಳು. "ನಲವತ್ತು ವರ್ಷ ಆತು ಈ ಊರಿಗೆ ಬಂದು. ಆ ಬದುವಿನ ಮ್ಯಾಲ ಬರುವಾಗ ಎರಡೂ ಕಡೆ ಪೈರು, ಮುಂದ ನೀರು, ಗಾಳಿ ಸುಂಯ್ ಅಂತಿತ್ತು. ಇದನ್ನ ನಾ ಒಬ್ಬಾಕಿನ ನೋಡಿ ಏನು ಮಾಡ್ಲಿ?"

ಚಹ ಬಂತು. ಅರ್ಧ ಲೋಟ ಕುಡಿದ ಮೇಲೆ ಅವಳು ಮಾತು ತೆಗೆದಳು. ಮಾತಿನಲ್ಲಿ ಗದ್ದೆಯ ಯಜಮಾನಿಯ ಗತ್ತು ವಾಪಸು ಬಂದಿತ್ತು.

"ಕೇಳಿಲ್ಲಿ. ದಾರಿ ಬಿಡ್ತೀನಿ. ಆದ್ರ ಅದು ನನ್ನ ಬದು. ನಾಳೆ ಯಾವನೂ ಇದು ನಮ್ಮ ದಾರಿ ಅನಬಾರದು."

"ಅನೂದಿಲ್ರಿ."

"ಎರಡೂ ತುದಿಗೆ ಕಲ್ಲು ನೆಡಿಸ್ತೀನಿ. ಆಳು ಸೈಕಲ್ ನೂಕ್ಕೊಂಡು ದಾಟಬೇಕು, ಎಮ್ಮಿ ದಾಟಬಾರದು, ಜೀಪಿನ ಮೂತಿನೂ ಹಿಡಸಬಾರದು. ಬೈಕಿಗೂ ಇಲ್ಲ. ನಮ್ಮ ಪ್ರಭುರಾಜ ಬಂದ್ರೂ ಇಲ್ಲ."

"ಆತ್ರಿ."

"ನಾಟಿ ಹಚ್ಚೂ ಹೊತ್ತಿಗೆ, ಕೊಯ್ಲಿನ ಹೊತ್ತಿಗೆ ದಾರಿ ಬಂದ್. ಆಗ ಆ ಬದು ನನ್ನ ಆಳುಗಳಿಗೆ ಬೇಕು. ನಿನ್ನ ಗಿರಾಕಿ ಎಂಥಾ ದೊಡ್ಡವ್ರಿದ್ರೂ ಬಂದ್."

"ಅಮ್ಮಾರ, ಬಂದ್ ಅಂದ್ರ ಬಂದ್. ನಾನ ನಿಂತು ಹೇಳ್ತೀನಿ."

ಕಲ್ಲು ನೆಡುವ ದಿನ ತೌಸೀಫ ತನ್ನ ಗಾಡಿಯಲ್ಲಿ ಕಲ್ಲು ತಂದ. ಗುಂಡಿ ತೋಡಲು ಪ್ರಭುರಾಜನೂ ಬಂದ. ಯಾರೂ ಕರೆದಿರಲಿಲ್ಲ, ತಾನಾಗಿ ಬಂದಿದ್ದ. ಕಲ್ಲಿನ ಸಂದಿನಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿಸುತ್ತದೋ ಇಲ್ಲವೋ ಎಂದು ಮೂರು ಸಲ ನೂಕಿ ನೋಡಿದವನೂ ಅವನೇ. ದಾರಿ ಗೊತ್ತಾಗಲೆಂದು ಖುಷ್ಬು ತಿರುವುಗಳಲ್ಲಿ ಬಂಡೆಗಳಿಗೆ ಸುಣ್ಣದಿಂದ ಸೈಕಲ್ಲಿನ ಚಿತ್ರ ಬರೆದಳು. ಚಕ್ರ ದುಂಡಗೆ ಬಂದವು, ಉಳಿದದ್ದು ಸ್ವಲ್ಪ ಆಡಿನ ಹಾಗೆ ಕಾಣುತ್ತಿತ್ತು. ಇರಲಿ ಬಿಡು ಅಂದುಕೊಂಡಳು.

ಆಮೇಲೆ ಅಮೃತಾಳಿಗೆ ಫೋನು ಮಾಡಿದಳು. "ತುಳಿಯೂ ದಾರಿ ಆಗೇತ್ರಿ, ಬರ್ರಿ."

ಅಮೃತಾ ಬಂದಳು. ಈ ಸಲ ಕುಷ್ಟಗಿಯವರ ಜೊತೆ ಯಲಬುರ್ಗಾದ ಇಬ್ಬರು ನರ್ಸುಗಳೂ ಕೊಪ್ಪಳದ ಒಬ್ಬ ವಕೀಲೆಯೂ ಇದ್ದರು. ಸೂರ್ಯ ಗುಡ್ಡದ ಮೇಲೆ ಬರುವ ಮುಂಚೆ ಹೊರಟರು. ಏರಿ, ಹುಣಸೆ ತೋಪು, ನೀರಿನ ಅಂಚು. ಬದುವಿನ ತುದಿಗೆ ನೆಟ್ಟ ಕಲ್ಲುಗಳ ಹತ್ತಿರ ಶೇಖರಮ್ಮ ತನ್ನ ಸೈಕಲ್ ಹಿಡಿದು ಕಾಯುತ್ತಿದ್ದಳು. ಒಬ್ಬೊಬ್ಬರನ್ನೇ ದಾಟಿಸಿ, ಮನೆಯ ಕಟ್ಟೆಯ ಮೇಲೆ ಕೂಡಿಸಿ, ಗಡಿಗೆಯ ಮಜ್ಜಿಗೆ ಕೊಟ್ಟು, "ಬದುವಿನ ನಡುಕ ಹೋಗ್ರಿ, ಅಂಚು ಮೆತ್ತಗೈತಿ. ಬಿದ್ರ ನನ್ನ ಪೈರಿನ ಮ್ಯಾಲ ಬೀಳಬ್ಯಾಡ್ರಿ, ಬದುವಿನ ಮ್ಯಾಲನ ಬೀಳ್ರಿ" ಎಂದು ತಾಕೀತು ಮಾಡಿದಳು. ಆಮೇಲೆ ತಾನೇ ಮುಂದೆ ಹೊರಟಳು.

ಖುಷ್ಬು ಸಾಲಿನ ಕೊನೆಯಲ್ಲಿದ್ದಳು. ಎಳೆ ಬಿಸಿಲಿನಲ್ಲಿ ಬದುವಿನ ಉದ್ದಕ್ಕೂ ಬಣ್ಣ ಬಣ್ಣದ ಸೀರೆ, ದುಪಟ್ಟಾ, ಟೋಪಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಬೆಳ್ಳಕ್ಕಿಗಳು ಪೈರಿನಿಂದ ಎದ್ದು ನೀರಿನ ಕಡೆ ಹಾರಿದವು. ಬಾಳೆತೋಟದ ಬದಿಯಲ್ಲಿ ಪ್ರಭುರಾಜ ಒಂದು ಗೊನೆ ಕಡಿದು ಕಾದಿದ್ದ. ಕ್ಯಾಂಪಿನಲ್ಲಿ ಒಬ್ಬ ಮುದುಕಿ ತೆಲುಗಿನಲ್ಲಿ ಎಲ್ಲಿಗೆ ಹೊರಟಿರೆಂದು ಕೇಳಿದಳು. "ಎಲ್ಲಿಗೂ ಇಲ್ಲವ್ವಾ, ಸುಮ್ನ ಸುತ್ತಾಕ" ಎಂದು ವಕೀಲೆ ಕೂಗಿ ಹೇಳಿದಳು. ಮುದುಕಿಗೆ ಅದು ತಿಳಿಯಿತೋ ಇಲ್ಲವೋ, ಕೈ ಬೀಸಿದಳು.

ಬೇವಿನ ಮರದ ಕೆಳಗೆ ಬಂದು ಅಮೃತಾ ಸೈಕಲ್ ಇಳಿದಳು. ನೀರು ಕುಡಿದಳು, ಟೈರಿನ ಗಾಳಿ ಒತ್ತಿ ನೋಡಿದಳು, "ಊಟಕ್ಕ ಇನ್ನೂ ಹೊತ್ತೈತಲ್ಲ? ಇನ್ನೊಂದು ಸುತ್ತು ಹೋಗೂಣ?" ಅಂದಳು. ನರ್ಸುಗಳು ಆಗಲೇ ಸೈಕಲ್ ಹತ್ತಿದ್ದರು.

ಆ ಚಳಿಗಾಲ ದಾಟುವಷ್ಟರಲ್ಲಿ ಹುಲಿಗುಡ್ಡದ ಸುತ್ತಿನ ಸುದ್ದಿ ದೂರ ಹೋಯಿತು. ಹುಬ್ಬಳ್ಳಿಯಿಂದ, ಹೈದರಾಬಾದಿನಿಂದ ಜನ ಬಂದರು. ಕ್ಯಾಂಪಿನ ಇಬ್ಬರು ಹೆಣ್ಣುಮಕ್ಕಳು ದಾರಿಯ ಬದಿಯಲ್ಲಿ ಹೆಸರುಕಾಳಿನ ದೋಸೆ, ಅವರ ಪೆಸರಟ್ಟು, ಹಾಕಲು ಶುರುಮಾಡಿದರು. ಶೇಖರಮ್ಮ ತನ್ನ ಹೊರಗಿನ ಕೋಣೆಗೆ ಸುಣ್ಣ ಹೊಡೆಸಿ, ಉಳಿಯುವವರಿಗೆಂದು ಎರಡು ಮಂಚ ಹಾಕಿಸಿದಳು. ಹುಸೇನಬಾಷಾ ಗಂಗಾವತಿಯ ಅಂಗಡಿಗೆ ಬೀಗ ಹಾಕಿ ವಾರದಲ್ಲಿ ನಾಲ್ಕು ದಿನ ಹುಲಿಗುಡ್ಡದಲ್ಲೇ ಕೂಡತೊಡಗಿದ.

ಮಳೆಗಾಲ ಬಂತು, ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ಸರಿಯಾಗಿ ಆಗಲೇ ಸಾಲು ಸಾಲು ರಜೆ. ಒಂದು ದೊಡ್ಡ ಗಾಡಿಯಲ್ಲಿ ಹತ್ತು ಹನ್ನೆರಡು ಜನ ಬಂದಿಳಿದರು. ಮುಂದಾಳು ಗಟ್ಟಿ ದನಿಯವನು. ಇಷ್ಟು ದೂರದಿಂದ ಬಂದಿದ್ದೇವೆ, ಎಷ್ಟಾದರೂ ಕೊಡುತ್ತೇವೆ, ಬದುವಿನ ಮೇಲೆ ಬಿಡಿಸಿ ಎಂದು ಹಟ ಹಿಡಿದ. ತೌಸೀಫ ಹೆಂಡತಿಯ ಮುಖ ನೋಡಿದ. ಖುಷ್ಬು ನಗುತ್ತಲೇ ತಲೆಯಾಡಿಸಿದಳು.

"ಇವತ್ತು ಬದುವಿನ ಮ್ಯಾಲ ದಾರಿ ಇಲ್ರಿ. ನಾಟಿ ನಡದೈತಿ. ಅದು ಮೊದಲು ಗದ್ದಿ, ಆಮ್ಯಾಲ ನಮ್ಮ ದಾರಿ. ಬೇಕಾದ್ರ ಹುಣಸಿ ತೋಪಿನ ತನಕ ಹೋಗಿ ಬರ್ರಿ. ಪೂರ್ತಾ ಸುತ್ತಬೇಕಂದ್ರ ನಾಟಿ ಮುಗದ ಮ್ಯಾಲ ಬರ್ರಿ, ನಾನ ಮುಂದ ಕರಕೊಂಡು ಹೋಗ್ತೀನಿ."

ಅವನು ಗೊಣಗಿದ. ಸೈಕಲ್ ತೆಗೆದುಕೊಳ್ಳದೆ ಎಲ್ಲರನ್ನೂ ಗಾಡಿಗೆ ಹತ್ತಿಸಿಕೊಂಡು ಹೋದ. ನೀರಿನಾಚೆ ಶೇಖರಮ್ಮನ ಗದ್ದೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತ ನಾಟಿ ಹಚ್ಚುತ್ತಿದ್ದರು. ಅವರ ಹಾಡು ಗಾಳಿಯ ಜೊತೆ ಬಂದು ಬಂದು ಹೋಗುತ್ತಿತ್ತು.

"ಹೋದ್ರಲ್ಲ" ಅಂದ ತೌಸೀಫ.

"ಬರ್ತಾರ ಬಿಡ್ರಿ" ಅಂದಳು ಖುಷ್ಬು, ಮತ್ತು ಪಂಕ್ಚರಾದ ಟ್ಯೂಬೊಂದನ್ನು ತೆಗೆದುಕೊಂಡು ನೀರಿನ ಬೋಗುಣಿಯ ಮುಂದೆ ಕೂತಳು.

ನಾಟಿ ಮುಗಿದ ಮೇಲೆ ಆ ಗುಂಪಿನ ಮೂವರು ನಿಜವಾಗಿಯೂ ಬಂದರು. ಅವರಲ್ಲಿ ಆ ಗಟ್ಟಿ ದನಿಯವನೂ ಇದ್ದ.